ಪದರಗಲ್ಲು

ಜೂನ್ ೪

ಮಾನ್ಯರೇ,

ನಿಮ್ಮ ಕ್ಯಾಂಪಿನಿಂದ ಲಾರಿಯಲ್ಲಿ ಕಳಿಸಿದ ಕಲ್ಲಿನ ಪೆಟ್ಟಿಗೆ ನಿನ್ನೆ ನಮ್ಮ ಪ್ರಯೋಗಾಲಯಕ್ಕೆ ತಲುಪಿದೆ. ಒಳಗಿದ್ದ, ಗುಡ್ಡ ಕೊರೆದು ತೆಗೆದ ಕಲ್ಲಿನ ದಿಂಡುಗಳಲ್ಲಿ ಕೆಲವು ದಾರಿಯಲ್ಲೇ ಮುರಿದಿವೆ. ಬರೀ ಮರದ ಪುಡಿ ತುಂಬಿದರೆ ಸಾಲದು. ಒಂದೊಂದು ದಿಂಡಿಗೂ ಬೇರೆಬೇರೆಯಾಗಿ ಬಟ್ಟೆ ಸುತ್ತಿ, ನಡುವೆ ಹಲಗೆ ಕೊಟ್ಟು ಕಳಿಸಬೇಕಾಗಿ ಕೋರುತ್ತೇನೆ. ಉಳಿದವನ್ನು ಬಿಲ್ಲೆಗಳಾಗಿ ಕೊಯ್ದು, ಯಂತ್ರದಲ್ಲಿಟ್ಟು ಸೀಳಿ, ಎಷ್ಟು ಎಳೆತ ತಾಳುತ್ತವೆ ಎಂಬುದನ್ನು ತಿಳಿಸುತ್ತೇವೆ. ಕೆಲವು ವಾರ ಬೇಕಾಗುತ್ತದೆ.

ಇಷ್ಟು ಆಫೀಸಿನ ಮಾತು.

ಪೆಟ್ಟಿಗೆಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ನಿಮ್ಮ 'ಳ' ಇನ್ನೂ ಬಾಲ ಸುತ್ತಿಕೊಂಡೇ ಮಲಗುತ್ತದೆ. ಈ ಲ್ಯಾಬಿನ ಉಸ್ತುವಾರಿ ಹೋದ ವರ್ಷದಿಂದ ನನ್ನದು. ಫೈಲನ್ನು ಬೇರೆಯವರಿಗೆ ದಾಟಿಸೋಣ ಅಂದುಕೊಂಡೆ. ಆದರೆ ಈ ಕೆಲಸ ಗೊತ್ತಿರುವ ಬೇರೆಯವರು ಇಲ್ಲಿಲ್ಲ. ನಾವು ಬೇರೆಯಾಗಿ ನಾಲ್ಕು ವರ್ಷವಾಯಿತು, ಇಬ್ಬರೂ ಚಿಕ್ಕ ಮಕ್ಕಳಲ್ಲ. ಕೆಲಸ ಕೆಲಸದ ಪಾಡಿಗೆ ನಡೆಯಲಿ.

ಇಂತಿ,
ಪ್ರಯೋಗಾಲಯದ ಮುಖ್ಯಸ್ಥೆ


ಜೂನ್ ೧೯

ಮಾನ್ಯರೇ,

ನಿಮ್ಮ ಕಾಗದವನ್ನು ಎರಡೆರಡು ಸಲ ಓದಿದೆ. ಪಕ್ಕದ ಟೇಬಲ್ಲಿನವರು ಏನು, ವರ್ಗಾವಣೆಯಾ ಅಂತ ಕೇಳಿದರು. ಹೌದು ಅಂದುಬಿಟ್ಟೆ. ಏನೋ ಒಂದು ಹೇಳಬೇಕಲ್ಲ.

ದಿಂಡು ಮುರಿದದ್ದಕ್ಕೆ ಕ್ಷಮಿಸಿ. ಈ ಸಲ ಉಗ್ರಾಣದಲ್ಲಿ ಕಾಡಿ ಬೇಡಿ ಹಳೇ ಕಂಬಳಿ ತಂದು ಸುತ್ತಿದ್ದೇನೆ. ಇಲ್ಲಿಗೆ ಅಂಚೆ ಬರುವುದು ಅದಕ್ಕೆ ಮನಸ್ಸು ಬಂದಾಗ. ಹಾಗಾಗಿ ಕಾಗದವನ್ನು ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ. ನೀವೂ ಖಾಲಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದರೆ ಲಾರಿಯವನು ಜೋಪಾನವಾಗಿ ತರುತ್ತಾನೆ. ಫೋನು ಇರುವುದು ಒಂದೇ, ಅದೂ ದೊಡ್ಡ ಸಾಹೇಬರ ರೂಮಿನ ಹೊರಗೆ ಗುಮಾಸ್ತರ ಮೇಜಿನ ಮೇಲೆ. ಸಾಹೇಬರಿಗೆ ಕ್ಯಾಂಪಿನಲ್ಲಿ ಎಲ್ಲರೂ ಇಟ್ಟಿರುವ ಹೆಸರು ಗಡಿಯಾರ ಸಾಹೇಬರು ಅಂತ. ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ತಮ್ಮ ಮುಂಗೈ ನೋಡುತ್ತಾರೆ.

ಗುಡ್ಡದ ಹೊಟ್ಟೆಯೊಳಗೆ ವಿದ್ಯುತ್ ಯಂತ್ರಗಳಿಗೆ ಒಂದು ಹಜಾರ ಕೊರೆಯುತ್ತಿದ್ದೇವೆ. ನಡುವೆ ಒಂದು ಕಂಬವೂ ಇಲ್ಲ. ತಲೆ ಮೇಲಿನ ಮಾಡಿನ ಕಲ್ಲು ತನ್ನನ್ನು ತಾನೇ ಹಿಡಿದುಕೊಂಡು ನಿಲ್ಲಬೇಕು. ಒತ್ತಿದರೆ ಜಗ್ಗದ ಕಲ್ಲು ಎಳೆದರೆ ಎಷ್ಟು ಬೇಗ ಕೈಬಿಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಾಡನ್ನು ಗುಡ್ಡಕ್ಕೆ ಬಿಗಿಯಲು ಎಷ್ಟು ಉದ್ದದ ಕಬ್ಬಿಣದ ಬೋಲ್ಟು ಹೊಡೆಯಬೇಕು ಅನ್ನುವುದು ನಿಮ್ಮ ಅಂಕಿಯ ಮೇಲೆ ನಿಂತಿದೆ.

ಇನ್ನೊಂದು ಮಾತು. ಅಮ್ಮ ಇರುವುದೂ ನಿಮ್ಮ ಊರಿನಲ್ಲೇ. ಅಂಗಡಿ, ಹೊಲಿಗೆ, ಗಿರಾಕಿ ಎಲ್ಲದರ ಸುದ್ದಿಯೂ ಬರೆಸಿ ಕಳಿಸುತ್ತಾಳೆ. ನಿಮ್ಮ ಸುದ್ದಿ ಮಾತ್ರ ಯಾವತ್ತೂ ಬಂದಿಲ್ಲ. ಯಾವಾಗಲಾದರೂ ಸಿಗುತ್ತಾಳಾ?

ಇಂತಿ,
ಕ್ಯಾಂಪಿನ ಭೂವಿಜ್ಞಾನಿ


ಜುಲೈ ೧೨

ಮಾನ್ಯರೇ,

ಮೊದಲ ಎರಡು ಪೆಟ್ಟಿಗೆಗಳ ವರದಿ ಇದರ ಜೊತೆಗಿದೆ. ಹಜಾರದ ಬಲಗಡೆಯ ಕಲ್ಲು ಗಟ್ಟಿಯಾಗಿದೆ. ಬಿಲ್ಲೆಗಳು ಅಂಚಿನಿಂದಲ್ಲ, ನಡುವಿನಿಂದಲೇ ನೇರವಾಗಿ ಸೀಳಿವೆ. ಅಂಕಿಗಳನ್ನು ನಂಬಬಹುದು.

ಅತ್ತೆ ಸಿಗುತ್ತಾರೆ. ವಾರಕ್ಕೊಮ್ಮೆ ನಾನೇ ಹೋಗುತ್ತೇನೆ. ಮೊದಲ ಸಲ ಹೋದದ್ದು ಲ್ಯಾಬಿನ ಮೇಲಂಗಿಯ ಜೇಬು ಹರಿದಿತ್ತು ಅಂತ. ಆ ಬೀದಿಯಲ್ಲಿ ಬೇರೆ ಹೊಲಿಗೆ ಅಂಗಡಿಗಳೂ ಇದ್ದವು, ಅದು ಬೇರೆ ಮಾತು. ಜೇಬು ಹೊಲಿದು ಕೊಟ್ಟರು, ದುಡ್ಡು ಕೊಡಲು ಹೋದರೆ ಬೈದರು. ಏನಂತ ಕರೆಯಲಿ ಗೊತ್ತಾಗದೆ ತಡವರಿಸಿದೆ. "ಕೋರ್ಟಿನವರು ಗಂಡ ಹೆಂಡತೀನ ಬೇರೆ ಮಾಡಿದಾರೆ, ಅತ್ತೆ ಸೊಸೆ ವಿಷಯ ಅದರಲ್ಲಿ ಏನೂ ಬರೆದಿಲ್ಲ" ಅಂದರು. ಅವತ್ತಿನಿಂದ ಅತ್ತೆ ಅಂತಲೇ ಕರೆಯುತ್ತೇನೆ. ನಿಮಗೆ ತಿಳಿಸದೆ ಇದ್ದದ್ದು ಅವರ ಇಷ್ಟ. ನೀವು ಕೇಳಿದರೆ ಹೇಳೋಣ ಅಂತಿದ್ದರಂತೆ.

ಹೋದ ವಾರ, ದಿನವಿಡೀ ಏನು ಮಾಡ್ತೀಯ ಅಂತ ಕೇಳಿದರು. ಕಲ್ಲನ್ನು ಎರಡು ತುದಿ ಹಿಡಿದು ಎಳೆಯೋಕೆ ಆಗಲ್ಲ ಅತ್ತೆ, ಹಿಡಿದ ಜಾಗದಲ್ಲೇ ಮುರಿದುಬಿಡುತ್ತೆ, ಅದಕ್ಕೆ ಬಿಲ್ಲೆ ಕೊಯ್ದು ನಾಣ್ಯ ನಿಲ್ಲಿಸಿದ ಹಾಗೆ ನಿಲ್ಲಿಸಿ, ಮೇಲೂ ಕೆಳಗೂ ರಟ್ಟಿನ ಪಟ್ಟಿ ಇಟ್ಟು, ನಿಧಾನವಾಗಿ ಒತ್ತುತ್ತೀವಿ, ಮೇಲಿಂದ ಒತ್ತಿದರೆ ಒಳಗೆ ಅಡ್ಡಡ್ಡಕ್ಕೆ ಎಳೆತ ಹುಟ್ಟುತ್ತೆ, ಕೊನೆಗೆ ಎರಡು ಹೋಳಾಗುತ್ತೆ ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇಷ್ಟೆಲ್ಲಾ ಓದಿ ನೀನು ಮಾಡೋದು ಕಲ್ಲು ಒಡೆಯೋ ಕೆಲಸ ಅನ್ನು" ಅಂದರು. ನಕ್ಕು ನಕ್ಕು ಸೂಜಿ ಕೆಳಗಿಟ್ಟರು.

ಕಣ್ಣಿಗೆ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸಲು ಗಿರಾಕಿಗಳನ್ನೇ ಕರೆಯುತ್ತಾರೆ. ಅಕ್ಟೋಬರಿನಲ್ಲಿ ಆಪರೇಷನ್ ಮಾಡೋಣ ಅಂದಿದ್ದಾರೆ ಡಾಕ್ಟರು. ನಿಮಗೆ ತಿಳಿದಿರಲಿ.

ಇಂತಿ,
ಪ್ರಯೋಗಾಲಯದ ಮುಖ್ಯಸ್ಥೆ


ಆಗಸ್ಟ್ ೩

ಪ್ರಯೋಗಾಲಯದ ಮುಖ್ಯಸ್ಥೆಯವರಿಗೆ,

ಮಾನ್ಯರೇ ಅಂತ ಬರೆದು ಹೊಡೆದುಹಾಕಿದೆ. ಅತ್ತೆ ಅಂತ ಕರೆಯುವವರಿಗೆ ಮಾನ್ಯರೇ ಅನ್ನುವುದು ಸರಿ ಕಾಣಲಿಲ್ಲ. ಬೇರೆ ಏನು ಬರೆಯಬೇಕೋ ಹೊಳೆಯಲಿಲ್ಲ.

ಪೊರೆಯ ವಿಷಯ ಅಮ್ಮ ನನಗೆ ಹೇಳಿರಲಿಲ್ಲ. ಗಿರಾಕಿಗಳಿಗೆ ಒಳ್ಳೇ ಕಣ್ಣಿದೆ ಅಂತ ಒಂದು ಸಲ ಬರೆಸಿದ್ದಳು. ನಾನು ಅದನ್ನು ಬಟ್ಟೆ ಆರಿಸುವ ವಿಷಯ ಅಂದುಕೊಂಡಿದ್ದೆ. ಅಕ್ಟೋಬರಿನಲ್ಲಿ ಖಂಡಿತ ಬರುತ್ತೇನೆ. ಅವಳಿಗೂ ಬರೆದಿದ್ದೇನೆ.

ಈಗ ಗಡಿಯಾರ ಸಾಹೇಬರ ಮಾತು. ಪೆಟ್ಟಿಗೆ ಅಲ್ಲಿಗೆ ಹೋಗಿ ಅಂಕಿ ಇಲ್ಲಿಗೆ ಬರುವಷ್ಟರಲ್ಲಿ ನಾವು ಮುಂದಿನ ಕಲ್ಲಿಗೆ ಹೋಗಿರುತ್ತೇವೆ ಅಂತ ಅವರ ತಕರಾರು. ಅದು ನಿಜವೂ ಹೌದು. ಒಡೆಯದೇ ಅಂದಾಜು ಮಾಡುವ ಸೂತ್ರ ಒಂದನ್ನು ನಿಮ್ಮ ಲ್ಯಾಬಿನವರು ಕಟ್ಟಿಕೊಡಬಹುದಾ ಅಂತ ಕೇಳಿದ್ದಾರೆ. ಕಲ್ಲಿನೊಳಗೆ ಶಬ್ದದ ವೇಗ ಅಳೆಯುವ ಯಂತ್ರ ನಮ್ಮಲ್ಲಿದೆ. ಕಲ್ಲಿನ ಗಟ್ಟಿತನ ನೋಡಲು ಪುಟಿಯುವ ಸುತ್ತಿಗೆ ಇದೆ. ತಕ್ಕಡಿಯಂತೂ ಇದ್ದೇ ಇದೆ. ಈ ಮೂರರ ಅಂಕಿಯನ್ನು ಪ್ರತಿ ದಿಂಡಿನ ಜೊತೆ ಕಳಿಸುತ್ತೇನೆ. ನೀವು ಒಡೆದು ನೋಡಿದ ಅಂಕಿಯ ಜೊತೆ ಹೊಂದಿಸಿ ನೋಡಿ.

ನಿಮಗೆ ಹಿಂದಿನಿಂದಲೂ ಇದರ ಆಸೆ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕೂರುತ್ತಿದ್ದಿರಿ, ತಟ್ಟೆ ಇಡೋಕೆ ಜಾಗ ಇರುತ್ತಿರಲಿಲ್ಲ.

ಇಂತಿ,
ಕ್ಯಾಂಪಿನಿಂದ


ಆಗಸ್ಟ್ ೨೮

ಸೂತ್ರ ಸಿದ್ಧವಾಗಿದೆ. ನಿಮ್ಮ ದಿಂಡುಗಳ ಜೊತೆ ನಮ್ಮಲ್ಲಿದ್ದ ಹಳೇ ಕಲ್ಲುಗಳ ಅಂಕಿಗಳನ್ನೂ ಸೇರಿಸಿ ಕಂಪ್ಯೂಟರಿಗೆ ಕೊಟ್ಟೆ. ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು. ಸೂತ್ರ ಹೇಳಿದ ಅಂಕಿಯನ್ನೂ ಒಡೆದು ನೋಡಿದ ಅಂಕಿಯನ್ನೂ ಪಕ್ಕಪಕ್ಕ ಇಟ್ಟರೆ ಒಡಹುಟ್ಟಿದವರ ಹಾಗೆ ಕಾಣುತ್ತವೆ. ಸೂತ್ರ ಕಟ್ಟುವಾಗ ಸೇರಿಸದ ಹೊಸ ದಿಂಡುಗಳ ಮೇಲೂ ಪರೀಕ್ಷೆ ಮಾಡಿದೆ. ಅಲ್ಲೂ ಸೋಲಲಿಲ್ಲ. ಖುಷಿಯಾಯಿತು. ಹೇಳಿಕೊಳ್ಳಲು ಅತ್ತೆಯ ಹತ್ತಿರ ಹೋದೆ. "ಒಡೆಯೋದಕ್ಕೂ ಮೊದಲೇ ಹೇಳೋದಾದರೆ ಇನ್ನು ನಿನಗೆ ಸಂಬಳ ಯಾಕೆ ಕೊಡ್ತಾರೆ" ಅಂದರು.

ಒಂದು ಎಚ್ಚರಿಕೆ. ಸೂತ್ರಕ್ಕೆ ಗೊತ್ತಿರುವುದು ತಾನು ನೋಡಿದ ಕಲ್ಲು ಮಾತ್ರ. ಬಣ್ಣ, ಕಣ, ರಚನೆ ಯಾವುದು ಬದಲಾದರೂ ನೀನು ಮೊದಲಿನ ಹಾಗೆ ದಿಂಡು ಕಳಿಸು, ನಾನು ಒಡೆದು ನೋಡುತ್ತೇನೆ. ಸಾಹೇಬರಿಗೂ ವರದಿಯಲ್ಲಿ ಇದನ್ನೇ ಬರೆದಿದ್ದೇನೆ. ಅವರು ಕೊನೆಯ ಪುಟದವರೆಗೆ ಓದುತ್ತಾರೋ ಇಲ್ಲವೋ, ನೀನು ಓದು.

ಇಂತಿ,
ಲ್ಯಾಬಿನಿಂದ


ಸೆಪ್ಟೆಂಬರ್ ೨೦

'ನೀನು' ಅಂತ ಬರೆದಿದ್ದೀಯ. ನೋಡಿಯೂ ನೋಡದವನ ಹಾಗೆ ಇರೋಣ ಅಂದುಕೊಂಡೆ. ಆಗಲಿಲ್ಲ.

ಸಾಹೇಬರು ಕೊನೆಯ ಪುಟ ಓದಿಲ್ಲ. ಸೂತ್ರವನ್ನು ದಪ್ಪ ಅಕ್ಷರದಲ್ಲಿ ಬರೆಸಿ ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಬೆಳಿಗ್ಗೆ ದಿಂಡು ತೆಗೆದರೆ ಮಧ್ಯಾಹ್ನಕ್ಕೆ ಅಂಕಿ, ಸಂಜೆಗೆ ಬೋಲ್ಟು. ಕೆಲಸ ಓಡುತ್ತಿದೆ. ನಿನ್ನ ಬಗ್ಗೆ ಎಲ್ಲರೂ ಒಳ್ಳೇ ಮಾತಾಡುತ್ತಾರೆ. ನನಗೇನೋ ಅದರಲ್ಲಿ ಪಾಲಿದೆ ಅನ್ನುವ ಹಾಗೆ ತಲೆಯಾಡಿಸುತ್ತೇನೆ.

ಹೋದ ವಾರದಿಂದ ಹಜಾರದ ಎಡ ಹೆಗಲಿಗೆ ಬಂದಿದ್ದೇವೆ. ಗೋಡೆ ಮುಗಿದು ಮಾಡು ಬಾಗಲು ಶುರುವಾಗುವ ಜಾಗ ಅದು. ಅಲ್ಲಿನ ಕಲ್ಲು ಬೇರೆ. ಹಾಳೆ ಹಾಳೆಯಾಗಿ ಪದರ ಮಲಗಿದೆ. ಸೂತ್ರಕ್ಕೆ ಹಾಕಿದರೆ ಒಂಬತ್ತು ಮೆಗಾಪಾಸ್ಕಲ್ ಎಳೆತ ತಾಳುತ್ತದೆ ಅನ್ನುತ್ತದೆ, ಬಲಗಡೆಯ ಕಲ್ಲಿಗಿಂತ ಏನೂ ಕಡಿಮೆ ಇಲ್ಲ. ಸಾಹೇಬರು ಖುಷಿಯಾಗಿ ಅದೇ ಬೋಲ್ಟು ಸಾಕು ಅಂದಿದ್ದಾರೆ. ನನಗೆ ಮಾತ್ರ ಸಮಾಧಾನ ಇಲ್ಲ. ಕಬ್ಬಿಣದ ಸರಳಿನಿಂದ ತಟ್ಟಿದರೆ ಅಲ್ಲಲ್ಲಿ ಪೊಳ್ಳು ಸದ್ದು ಬರುತ್ತದೆ. ಮೂರು ದಿಂಡು ಕಳಿಸಿದ್ದೇನೆ, ನೋಡು.

ಆಪರೇಷನ್ ತಾರೀಕು ಗೊತ್ತಾದರೆ ತಿಳಿಸು. ರಜೆ ಬರೆದುಕೊಟ್ಟಿದ್ದೇನೆ.

ಇಂತಿ,
ನಾನು


ಅಕ್ಟೋಬರ್ ೧

ನೀನು ಕಳಿಸಿದ ಮೂರನ್ನೂ ಸೀಳಿದೆ. ಒಂಬತ್ತರ ಆಸುಪಾಸೇ ಬಂತು. ಆದರೆ ಅದನ್ನು ನಂಬಬೇಡ.

ಯಾಕೆಂದರೆ ನೀವು ಇದುವರೆಗೆ ಕೊರೆದದ್ದೆಲ್ಲ ಮೇಲಿಂದ ಕೆಳಕ್ಕೆ. ಪದರ ಮಲಗಿದ್ದರೆ ಬಿಲ್ಲೆಯೂ ಪದರದ ಜೊತೆಗೇ ಮಲಗಿದ ಹಾಗೆ ಕೊಯ್ದು ಬರುತ್ತದೆ. ಅದನ್ನು ಸೀಳಿದರೆ ನಾನು ಅಳೆಯುವುದು ಹಾಳೆ ಹರಿಯುವ ಬಲ. ನಿಮ್ಮ ಮಾಡಿನಲ್ಲಿ ಹಾಳೆ ಹರಿಯುವುದಿಲ್ಲ, ಹಾಳೆಯಿಂದ ಹಾಳೆ ಬಿಡುತ್ತದೆ. ಕಾಗದದ ಕಟ್ಟೊಂದನ್ನು ಹರಿಯೋದು ಕಷ್ಟ, ಬಿಡಿಸೋದಕ್ಕೆ ಕಷ್ಟವೇ ಇಲ್ಲ. ಶಬ್ದಕ್ಕೂ ಇದು ತಿಳಿಯಲ್ಲ. ಪದರಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಸಾಕು, ಹಾದುಹೋಗುತ್ತದೆ. ನಾನು ಕಟ್ಟಿದ ಸೂತ್ರ ಇಂಥ ಕಲ್ಲನ್ನು ಒಂದು ಸಲವೂ ನೋಡಿಲ್ಲ.

ಎಡ ಹೆಗಲಿನಲ್ಲಿ ಅಡ್ಡಡ್ಡಕ್ಕೆ ಕೊರೆದು ದಿಂಡು ತೆಗೆಸು. ಕೂಡಲೇ. ಬಿಲ್ಲೆಯ ಮುಖದ ಮೇಲೆ ಪದರ ಗೆರೆಗೆರೆಯಾಗಿ ಕಾಣಬೇಕು, ಆ ಗೆರೆಯ ಉದ್ದಕ್ಕೇ ನಾನು ಸೀಳಬೇಕು.

ಅತ್ತೆಯ ಆಪರೇಷನ್ ಹತ್ತನೇ ತಾರೀಕು. ನೀನು ಬರುವ ಖುಷಿಗೆ ರೂಮಿಗೆ ಹೊಸ ಪರದೆ ಹೊಲಿದು ಹಾಕಿದ್ದಾರೆ, ಒಂದು ಉದ್ದ ಒಂದು ಗಿಡ್ಡ. ನಮ್ಮ ಅಪ್ಪ ಹೋದಾಗ ನೀನು ಬಂದದ್ದು ಎಲ್ಲಾ ಮುಗಿದ ಮೇಲೆ. ಚುಚ್ಚಲು ಹೇಳುತ್ತಿಲ್ಲ. ಈ ಸಲ ಬಾ, ಅಷ್ಟೇ.

ಇಂತಿ,
ನಾನು


ಅಕ್ಟೋಬರ್ ೭

ಅಡ್ಡ ಕೊರೆದ ದಿಂಡುಗಳು ಈ ಪೆಟ್ಟಿಗೆಯಲ್ಲಿವೆ. ಕೊರೆಯುವ ಯಂತ್ರ ಬಿಡಿಸಿಕೊಳ್ಳಲು ಸಾಹೇಬರ ಜೊತೆ ದೊಡ್ಡ ಜಗಳವೇ ಆಯಿತು. ಒಂಬತ್ತು ಅಂತ ನಿಮ್ಮ ಲ್ಯಾಬೇ ಹೇಳಿದ ಮೇಲೆ ಇನ್ನೇನು ಬೇಕು ಅಂದರು. ಕಡೆಗೆ ವರದಿ ಬರುವವರೆಗೆ ಎಡ ಹೆಗಲಿನ ಕೆಳಗೆ ಆಳುಗಳನ್ನು ಬಿಡಬಾರದು ಅಂತ ಒಪ್ಪಿಸಿದ್ದೇನೆ. ಒಪ್ಪಿದ್ದು ಬಾಯಲ್ಲಿ ಮಾತ್ರ. ನಾನು ಅತ್ತ ತಿರುಗಿದರೆ ಇತ್ತ ಕೆಲಸ ಶುರು ಮಾಡಿಸುತ್ತಾರೆ, ನನಗೆ ಗೊತ್ತು.

ಅದಕ್ಕೇ ಹತ್ತನೇ ತಾರೀಕಿಗೆ ಬರಲು ಆಗುತ್ತಿಲ್ಲ. ಓದುವಾಗ ನಿನ್ನ ಮುಖ ಹೇಗಾಗುತ್ತದೆ ಅಂತಲೂ ಗೊತ್ತು. ಅಮ್ಮನಿಗೆ ಬೇರೆ ಕಾಗದ ಇಟ್ಟಿದ್ದೇನೆ. ನೀನೇ ಓದಿ ಹೇಳು, ಸ್ವಲ್ಪ ನಗು ಬರುವ ಹಾಗೆ ಓದು. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಬಂದರೆ ನನ್ನನ್ನು ಸರಿಯಾಗಿ ನೋಡಬಹುದು, ಈಗ ಬಂದರೆ ಏನು ಕಂಡೀತು ಅಂತ ಬರೆದಿದ್ದೇನೆ.

ಇಂತಿ,
ನಾನು


ಅಕ್ಟೋಬರ್ ೧೭

ವರದಿ ಇಟ್ಟಿದ್ದೇನೆ, ಸಹಿ ಮುದ್ರೆ ಎಲ್ಲ ಹಾಕಿ. ಅಂಕಿಯನ್ನು ಗುಮಾಸ್ತರಿಗೆ ಫೋನಿನಲ್ಲೂ ಹೇಳಿದ್ದೇನೆ. ಆದರೆ ನಿಮ್ಮ ಸಾಹೇಬರು ಕಾಗದ ನೋಡದೆ ನಂಬುವವರಲ್ಲ ಅಂತ ಲಾರಿಯನ್ನು ಇವತ್ತೇ ಹೊರಡಿಸಿದೆ.

ಪದರದ ಉದ್ದಕ್ಕೆ ಸೀಳಿದರೆ ಮೂರೂವರೆ. ನೀರಲ್ಲಿ ನೆನೆಸಿ ಸೀಳಿದರೆ ಎರಡು ಕೂಡ ಮುಟ್ಟಲಿಲ್ಲ. ಕೆಲವು ಬಿಲ್ಲೆಗಳು ಯಂತ್ರ ಸದ್ದು ಮಾಡುವುದಕ್ಕೂ ಮೊದಲೇ ಬಿಟ್ಟುಕೊಂಡವು. ನಿಮ್ಮ ಎಡ ಹೆಗಲಿನಲ್ಲಿ ನೀರು ಒಸರುತ್ತಿದೆ ಅಂತ ನೀನೇ ದಿಂಡಿನ ಚೀಟಿಯಲ್ಲಿ ಬರೆದಿದ್ದೀಯ. ಈಗ ಹೊಡೆದಿರುವ ಬೋಲ್ಟು ಆ ಭಾರ ಹಿಡಿಯಲ್ಲ.

ಒಬ್ಬರನ್ನೂ ಒಳಗೆ ಬಿಡಬೇಡ. ನೀನು ಅಲ್ಲಿಂದ ಕದಲಬೇಡ. ಲಾರಿ ಬಂದು ಕಾಗದ ಸಾಹೇಬರ ಕೈ ಸೇರುವವರೆಗೆ, ಸೇರಿದ ಮೇಲೂ ಜಾಗ ಭದ್ರವಾಗುವವರೆಗೆ.

ಅತ್ತೆಯ ಕಣ್ಣಿನ ಕಟ್ಟು ಬಿಚ್ಚಿದ್ದಾರೆ. ಚೆನ್ನಾಗಿ ಕಾಣುತ್ತಿದೆಯಂತೆ. ನನ್ನ ತಲೆಯಲ್ಲಿ ಎಷ್ಟು ಬಿಳಿ ಕೂದಲು ಅಂತ ಬೈದರು.

ಇಂತಿ,
ನಾನು


ಅಕ್ಟೋಬರ್ ೨೨

ನಿನ್ನೆ ಬಿತ್ತು.

ಮೊದಲಿಂದ ಹೇಳುತ್ತೇನೆ. ಫೋನಿನ ಮಾತು ಸಾಹೇಬರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೋಲ್ಟು ಹೊಡೆಯುವ ತಂಡಕ್ಕೆ ಮಾರನೇ ದಿನ ಒಳಗೆ ಹೋಗಿ ಅಂತ ಹೇಳಿದ್ದರು. ನಾನು ಹಜಾರದ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ತಂಡದ ಮೇಸ್ತ್ರಿ ನನ್ನನ್ನೂ ಕುರ್ಚಿಯನ್ನೂ ನೋಡಿ, ಏನೂ ಕೇಳದೆ ತಾನೂ ಪಕ್ಕದಲ್ಲಿ ಕೂತ. ಅವನು ಕೂತದ್ದಕ್ಕೆ ಉಳಿದವರೂ ಕೂತರು. ಸಾಹೇಬರು ಬಂದು, ಎಷ್ಟು ದಿನ ಹೀಗೆ ಅಂತ ಕೇಳಿದರು. ಲಾರಿ ಬರುವವರೆಗೆ ಅಂದೆ. ಕೆಲಸ ಹೋಗುತ್ತದೆ ಅಂದರು. ಹೋಗಲಿ ಅಂದೆ.

ಕಾಗದ ನೋಡಿದ ಮೇಲೆ ಸಾಹೇಬರೇ ಒಳಗಿನ ದೀಪ ಆರಿಸಲು ಹೇಳಿದರು. ನಿನ್ನೆ ಮಧ್ಯಾಹ್ನ ಎಲ್ಲರೂ ಹೊರಗೆ ಊಟಕ್ಕೆ ಕೂತಿದ್ದೆವು. ಮೊದಲು ಪುಡಿ ಉದುರುವ ಸದ್ದು. ಆಮೇಲೆ ಎಡ ಹೆಗಲು, ಮೈಮೇಲಿನ ಹೊದಿಕೆ ಜಾರಿದ ಹಾಗೆ, ಒಂದೇ ಸಲಕ್ಕೆ ಕೆಳಗೆ ಬಂತು. ಗಾಳಿ ನುಗ್ಗಿ ನಮ್ಮ ತಟ್ಟೆಗಳು ಹಾರಿಹೋದವು. ಧೂಳು ಇಳಿದ ಮೇಲೆ ಮೇಸ್ತ್ರಿ ತನ್ನವರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಗೋಡೆಗೆ ಒರಗಿ ಅತ್ತ. ಕಲ್ಲು ಬಿದ್ದಿದ್ದು ಅವರು ದಿನಾ ನಿಂತು ಕೆಲಸ ಮಾಡುವ ಜಾಗದಲ್ಲೇ.

ಇಷ್ಟು ವರ್ಷದ ಕೆಲಸದಲ್ಲಿ, ಇರಬೇಕಾದ ಹೊತ್ತಿಗೆ ಇರಬೇಕಾದ ಜಾಗದಲ್ಲಿ ಇದ್ದೆ ಅಂತ ನನಗೆ ಅನ್ನಿಸಿದ್ದು ಇದೇ ಮೊದಲು. ಅಮ್ಮನಿಗೆ ಹೇಳು. ಅವಳಿಗೆ ನೀನು ಹೇಳಿದರೇ ಚೆಂದ. ಸಾಹೇಬರು ರಜೆ ಕೊಟ್ಟಿದ್ದಾರೆ, ಗಡಿಯಾರ ನೋಡದೆ ಕೊಟ್ಟರು. ಸೋಮವಾರ ಹೊರಡುತ್ತೇನೆ. ಅಮ್ಮನ ಜೊತೆ ಕೂತು ಮೂವರೂ ಊಟ ಮಾಡೋಣ. ಆಮೇಲೆ ನಿನ್ನ ಹತ್ತಿರ ಮಾತಾಡುವುದಿದೆ. ಕಾಗದದಲ್ಲಿ ಬೇಡ.

ಇಂತಿ,
ನಿನ್ನ


ನವೆಂಬರ್ ೩೦

ಮಾನ್ಯರೇ,

ಅಮ್ಮ ಹೋಗಿ ತಿಂಗಳು ದಾಟಿತು. ಗುಮಾಸ್ತರು ಸುದ್ದಿ ಹೇಳಿದಾಗ ನನ್ನ ಕಾಗದ ಹೊತ್ತ ಲಾರಿ ಗುಡ್ಡ ಇಳಿದಾಗಿತ್ತು. ನಾನು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಎಲ್ಲವನ್ನೂ ನೀವೇ ಮಾಡಿದ್ದಿರಿ. ಅಮ್ಮನ ರೂಮಿನ ಮೆಟ್ಟಿಲ ಹತ್ತಿರ ನಿಂತಿದ್ದಿರಿ, ನಾನು ನಿಮ್ಮನ್ನು ದಾಟಿ ಹತ್ತಿ ಹೋದೆ. ಅವತ್ತು ನಿಮ್ಮ ಮೇಲೆ ಸಿಟ್ಟು ಇರಲಿಲ್ಲ.

ಹೊರಡುವ ದಿನ ಕೆಳಮನೆಯವರು ಸಮಾಧಾನ ಹೇಳಲು ಬಂದರು. ಎದೆಯಲ್ಲಿ ನೀರು ತುಂಬಿ ಹದಿನಾಲ್ಕನೇ ತಾರೀಕಿಗೇ ಆಸ್ಪತ್ರೆಗೆ ಸೇರಿಸಿದ್ದು, ಸೊಸೆ ಒಂದು ದಿನವೂ ಬಿಡದೆ ನೋಡಿಕೊಂಡಳು ಅಂದರು. ಆಗ ತಲೆಗೆ ಹೋಗಲಿಲ್ಲ. ಇಲ್ಲಿಗೆ ಬಂದ ಮೇಲೆ ನಿಮ್ಮ ಕಾಗದ ತೆಗೆದು ನೋಡಿದೆ. ಅದರ ಮೇಲಿರುವ ತಾರೀಕು ಹದಿನೇಳು. ಕಣ್ಣಿನ ಕಟ್ಟು, ಬಿಳಿ ಕೂದಲು, ಅಷ್ಟೇ ಇದೆ.

ನಿಮಗೆ ಗೊತ್ತಿತ್ತಲ್ಲವೇ?

ಇಂತಿ,
ಕ್ಯಾಂಪಿನ ಭೂವಿಜ್ಞಾನಿ


ಡಿಸೆಂಬರ್ ೯

ಗೊತ್ತಿತ್ತು.

ಹದಿನೇಳರ ಬೆಳಿಗ್ಗೆ ಡಾಕ್ಟರು ನನ್ನನ್ನು ವಾರ್ಡಿನ ಹೊರಗೆ ಕರೆದು, ಮಗನನ್ನು ಕರೆಸಿಕೊಳ್ಳಿ ಅಂದರು. ಎಷ್ಟು ದಿನ ಅಂತ ಕೇಳಿದೆ, ಹೇಳೋಕಾಗಲ್ಲ ಅಂದರು. ಅಲ್ಲಿಂದ ನೇರ ಲ್ಯಾಬಿಗೆ ಹೋದೆ. ನೆನೆಸಿಟ್ಟಿದ್ದ ಬಿಲ್ಲೆಗಳನ್ನು ಅವತ್ತೇ ಸೀಳಬೇಕಿತ್ತು. ಸೀಳಿದೆ. ಅಂಕಿ ನೋಡಿ ಫೋನು ಎತ್ತಿದೆ. ಗುಮಾಸ್ತರು ಬರೆದುಕೊಂಡು, "ಇನ್ನೇನಾದರೂ ಹೇಳಬೇಕಾ ಅಮ್ಮಾ?" ಅಂತ ಕೇಳಿದರು. ಏನೂ ಇಲ್ಲ ಅಂದೆ.

ಅವನಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗ್ತಾನೆ ಅಂತ ಅತ್ತೆ ಹೇಳಿದ್ದುಂಟು. ಅದನ್ನು ನಾನು ಅಡ್ಡ ಇಟ್ಟುಕೊಳ್ಳುವುದಿಲ್ಲ. ಅವರು ಹಾಗೆ ಅಂದದ್ದು ಸೇರಿಸಿದ ದಿನ. ಆಮೇಲೆ ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದರು. ಯಾರು ಬಂದರೂ ದೂರದಿಂದಲೇ ಗುರುತು ಹಿಡಿಯುತ್ತಿದ್ದರು, ಕಣ್ಣು ಅಷ್ಟು ಚೆನ್ನಾಗಿ ಬಂದಿತ್ತು.

ನಿಮ್ಮ ಇಪ್ಪತ್ತೆರಡರ ಕಾಗದ ನನ್ನ ಕೈ ಸೇರಿದ್ದು ಅವರು ಹೋದ ಮಾರನೇ ದಿನ. ಅದನ್ನು ಅವರಿಗೆ ಓದಿ ಹೇಳಲು ಆಗಲಿಲ್ಲ.

ಇಂತಿ,
ಪ್ರಯೋಗಾಲಯದಿಂದ


ಜನವರಿ ೧೪

ತಿಂಗಳಿಂದ ನಾಲ್ಕೈದು ಸಲ ಬರೆದು ಹರಿದುಹಾಕಿದ್ದೇನೆ. ಇದನ್ನು ಕಳಿಸಿಬಿಡುತ್ತೇನೆ.

ಮೇಸ್ತ್ರಿಯ ತಂಡದವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ. ಮೇಸ್ತ್ರಿ ಮೊನ್ನೆ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ, ನನ್ನನ್ನು ತೋರಿಸಲು. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅವರೆಲ್ಲ ಬದುಕಿದ್ದು ತಪ್ಪಾಯಿತು ಅನ್ನುವ ಬಾಯಿ ನನಗಿಲ್ಲ. ನೀವು ಮಾಡಿದ್ದರಲ್ಲಿ ತಪ್ಪು ಹುಡುಕಲು ಹೊರಟರೆ ಪ್ರತಿ ಸಲವೂ ಆಕೆಯ ಮುಖ ಅಡ್ಡ ಬರುತ್ತದೆ.

ಆದರೂ ಒಂದು ಮಾತು ಒಳಗೆ ಕೊರೆಯುತ್ತದೆ. ಇವನು ಹೇಗೂ ಬರುವವನಲ್ಲ, ಕರೆದು ಏನು ಪ್ರಯೋಜನ ಅಂತ ತಾನೇ ನೀವು ಅಂದುಕೊಂಡದ್ದು? ನಿಮ್ಮ ತಂದೆಯ ಹೊತ್ತಿಗೆ ಬರಲಿಲ್ಲ, ಆಪರೇಷನ್ನಿಗೆ ಬರಲಿಲ್ಲ, ಇದಕ್ಕೂ ಬರಲ್ಲ. ನನ್ನನ್ನು ಕೇಳುವ ಅಗತ್ಯವೇ ನಿಮಗೆ ಕಾಣಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಅಮ್ಮ ಬಾಗಿಲು ನೋಡಿದಳು ಅಂತ ಬರೆದಿದ್ದೀರಿ. ಆ ಬಾಗಿಲಿನಲ್ಲಿ ಬಂದು ನಿಲ್ಲುತ್ತಿದ್ದೆನೋ ಏನೋ. ಅದನ್ನು ತಿಳಿದುಕೊಳ್ಳುವ ಅವಕಾಶ ನನಗೆ ಉಳಿಸಬೇಕಿತ್ತು.

ಇಂತಿ,
ಕ್ಯಾಂಪಿನಿಂದ


ಫೆಬ್ರವರಿ ೨

ನೀನು ತಿಳಿದುಕೊಂಡಿರುವುದು ತಿರುಗಾಮುರುಗಾ. ಬೇರೆ ಏನನ್ನು ಬೇಕಾದರೂ ನನ್ನ ತಲೆಗೆ ಕಟ್ಟು, ಇದನ್ನು ಮಾತ್ರ ಬೇಡ.

ನೀನು ಬರಲ್ಲ ಅಂತ ಅನ್ನಿಸಿದ್ದರೆ ಎರಡನ್ನೂ ಹೇಳಿ ಫೋನು ಇಡುತ್ತಿದ್ದೆ. ಕಲ್ಲಿನ ವಿಷಯವನ್ನೂ, ಅಮ್ಮನ ವಿಷಯವನ್ನೂ. ಹೇಳುವುದು ಹೇಳಿದ್ದೇನೆ, ಇನ್ನು ಅವನುಂಟು ಅವನ ಗುಡ್ಡ ಉಂಟು ಅಂತ ಕೈ ತೊಳೆದುಕೊಳ್ಳುತ್ತಿದ್ದೆ. ಹಾಗೆ ಮಾಡೋದು ಸುಲಭವಿತ್ತು.

ಗುಮಾಸ್ತರು ಇನ್ನೇನಾದರೂ ಹೇಳಬೇಕಾ ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ನೀನು ಸಿಕ್ಕ ಲಾರಿ ಹತ್ತಿ ಹೊರಡುವುದು. ಚೀಲ ಕೂಡ ತೆಗೆದುಕೊಳ್ಳದೆ. ನೀನು ಬಂದೇ ಬರುತ್ತೀಯ ಅಂತ ನನಗೆ ಗೊತ್ತಾಯಿತು. ಅನುಮಾನವೇ ಇರಲಿಲ್ಲ. ಸಂಸಾರ ಮಾಡಿದ ಅಷ್ಟೂ ವರ್ಷ ನಿನ್ನ ಬಗ್ಗೆ ಆ ನಂಬಿಕೆ ಬರಲಿ ಅಂತ ಕಾದಿದ್ದೆ. ಒಂದು ದಿನವೂ ಬಂದಿರಲಿಲ್ಲ. ಅವತ್ತು ಬಂತು. ಬಂದದ್ದೇ ತಡ, ನೀನು ಹೊರಟರೆ ಆಳುಗಳನ್ನು ತಡೆಯುವವರು ಅಲ್ಲಿಲ್ಲ ಅಂತ ಹೊಳೆದು, ಏನೂ ಇಲ್ಲ ಅಂದು ಫೋನು ಇಟ್ಟೆ.

ಸಂಜೆ ಆಸ್ಪತ್ರೆಗೆ ಹೋದಾಗ ಅತ್ತೆ, ಅವನಿಗೆ ಹೇಳಿದೆಯಾ ಅಂತ ಕೇಳಿದರು. ಹೇಳಿದ್ದೀನಿ, ಬರ್ತಾನೆ ಅಂದೆ. ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ. ಅವರು ನಂಬಿದರು. ಅದನ್ನೂ ನೀನು ತಿಳಿದಿರಬೇಕು.

ಎಡ ಹೆಗಲಿನ ಕಲ್ಲನ್ನೂ ಸೇರಿಸಿ ಸೂತ್ರವನ್ನು ಹೊಸದಾಗಿ ಕಟ್ಟುತ್ತಿದ್ದೇನೆ. ಪದರ ಯಾವ ಕಡೆಗೆ ಮಲಗಿದೆ ಅನ್ನುವುದನ್ನೂ ಕೊಡಬೇಕು ಈಗ. ಮೊದಲಿನಷ್ಟು ಚೆನ್ನಾಗಿ ಕೂರುತ್ತಿಲ್ಲ. ಇರಲಿ, ಹಾಗೇ ಕಳಿಸುತ್ತೇನೆ.

ಇಂತಿ,
ನಾನು


ಮಾರ್ಚ್ ೬

ನಿನ್ನ ಕಾಗದ ಬಂದು ತುಂಬಾ ದಿನ ಆಯಿತು. ಬೇಜಾರು ಇದೆ, ಹೋಗುವ ಹಾಗೂ ಕಾಣುವುದಿಲ್ಲ. ಬರ್ತಾನೆ ಅಂತ ನಂಬಿ ಹೋದಳಲ್ಲ ಅಂತ ಒಮ್ಮೊಮ್ಮೆ ಸಮಾಧಾನ, ಒಮ್ಮೊಮ್ಮೆ ಅದೇ ಸಂಕಟ. ದಿನಕ್ಕೊಂದು ಥರ.

ಅಮ್ಮನ ರೂಮನ್ನು ತಿಂಗಳ ಕೊನೆಗೆ ಬಿಟ್ಟುಕೊಡಬೇಕು. ಹೊಲಿಗೆಯಂತ್ರವನ್ನು ಕೆಳಮನೆಯವರು ತೆಗೆದುಕೊಂಡಿದ್ದಾರೆ. ಉಳಿದದ್ದನ್ನು ಮುಂದಿನ ಭಾನುವಾರ ಬಂದು, ನಿನಗೆ ಹೇಳದೆ, ಒಬ್ಬನೇ ಖಾಲಿ ಮಾಡಿ ಹೋಗಿಬಿಡೋಣ ಅಂದುಕೊಂಡಿದ್ದೆ. ನನ್ನ ಕೈಲಿ ಆಗಲ್ಲ ಅಂತ ಕಾಣುತ್ತದೆ.

ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನೀನೂ ಬಾ. ಮಾತಾಡಬೇಕು ಅಂತೇನಿಲ್ಲ. ಬೀರುವಿನ ತುಂಬ ದೊಡ್ಡ ದೊಡ್ಡ ದುಪ್ಪಟಿಗಳಿವೆ. ಅವನ್ನು ಮಡಚಲು ಆ ತುದಿಯಲ್ಲಿ ಒಬ್ಬರು ಹಿಡಿದುಕೊಳ್ಳಬೇಕು.

ಇಂತಿ,
ನಾನು